ತಾಳೆಯಾಗದ ದೋಣಿ

ಆ ಕಾಲಕ್ಕೆ ಕರಾವಳಿಯ ಪ್ರತಿಯೊಂದು ಮೀನುಗಾರಿಕೆ ದೋಣಿಗೂ ಒಂದೊಂದು ನೆರಳಿತ್ತು. ದೋಣಿ ಕಡಲಿನಲ್ಲಿದ್ದರೆ ಅದರ ನೆರಳು ಪಣಂಬೂರಿನಾಚೆ ಗುಡ್ಡದ ಮೇಲಿದ್ದ ಕೇಂದ್ರದ ಸರ್ವರುಗಳಲ್ಲಿ ಇರುತ್ತಿತ್ತು. ನೆರಳೆಂದರೆ ಆ ದೋಣಿಯೊಂದಕ್ಕೇ ಮೀಸಲಾದ ಪುಟ್ಟ ಕಂಪ್ಯೂಟರ್. ಕೈಯಲ್ಲಿ ಮುಟ್ಟುವಂಥದ್ದಲ್ಲ, ದೊಡ್ಡ ಯಂತ್ರದೊಳಗೆ ಒಂದು ಪಾಲು ಪಡೆದು ಬದುಕುವಂಥದ್ದು. ದೋಣಿಯ ಮೇಲೆ ಬಿಗಿದ ಪೆಟ್ಟಿಗೆ ತಾನೆಲ್ಲಿದ್ದೇನೆ, ಎಂಜಿನ್ ಹೇಗೆ ಓಡುತ್ತಿದೆ ಎಂದು ಉಪಗ್ರಹದ ಮೂಲಕ ತಾನಾಗಿಯೇ ಹೇಳುತ್ತಿತ್ತು. ಬಲೆಗೆ ಬಿದ್ದ ಮೀನಿನ ತೂಕವನ್ನಷ್ಟೇ ದೋಣಿಯವರು ಗುಂಡಿ ಒತ್ತಿ ತಿಳಿಸಬೇಕಿತ್ತು. ನೆರಳು ಗಾಳಿ ಮತ್ತು ನೀರಿನ ಸೆಳೆತವನ್ನು ಲೆಕ್ಕಹಾಕಿ, ಎಲ್ಲಿ ಬಲೆ ಬಿಡಬೇಕು, ಯಾವಾಗ ಹಿಂದಿರುಗಬೇಕು ಎಂದು ಮರುನುಡಿ ಕಳಿಸುತ್ತಿತ್ತು.

ದೋಣಿ ನಡೆಸುವ ತಾಂಡೇಲರು ಮೊದಮೊದಲು ಅದನ್ನು ಬೈದರು. ಆಮೇಲೆ ಅದರೊಡನೆ ಜಗಳವಾಡಿಕೊಂಡೇ ಬಾಳಲು ಕಲಿತರು. ಮನೆಯ ಹೆಂಗಸರಿಗಂತೂ ಅದು ಬಲು ಬೇಗ ಒಗ್ಗಿತು. ದೋಣಿ ಯಾವಾಗ ದಡದ ದಕ್ಕೆಗೆ ಬರುತ್ತದೆಂದು ನೆರಳು ಫೋನಿನಲ್ಲಿ ಹೇಳಿದ ಮೇಲೆಯೇ ಅವರು ಒಲೆಯ ಮೇಲೆ ಅನ್ನಕ್ಕಿಡುತ್ತಿದ್ದರು.

ಈ ನೆರಳುಗಳನ್ನೆಲ್ಲ ನೋಡಿಕೊಳ್ಳುವ ಕೇಂದ್ರದಲ್ಲಿ ಹರಿಣಾಕ್ಷಿ ಬಂಗೇರಳ ಕೆಲಸ ತಾಳೆ ನೋಡುವುದು. ಯಾವ ನೆರಳು ಯಾರದ್ದು, ಓಡುತ್ತಿದೆಯೇ, ನಿಂತಿದೆಯೇ ಎಂಬ ದಾಖಲೆಯೆಲ್ಲ ಹಾಸನದ ಡೇಟಾಬೇಸಿನಲ್ಲಿತ್ತು. ನೆರಳುಗಳು ನಿಜವಾಗಿ ಓಡುತ್ತಿದ್ದುದು ಪಣಂಬೂರಿನಲ್ಲಿ. ಎರಡೂ ಒಂದೇ ಮಾತು ಹೇಳುತ್ತಿವೆಯೇ ಎಂದು ಅವಳ ಪ್ರೋಗ್ರಾಂ ದಿನಾ ಸಾಲು ಸಾಲಾಗಿ ಹೋಲಿಸುತ್ತಿತ್ತು. ಹೊಂದದ್ದನ್ನು ಕೆಂಪಾಗಿ ತೋರಿಸುತ್ತಿತ್ತು. ಸಂಜೆಯ ಸುತ್ತಿನಲ್ಲಿ ತಾನೇ ರಿಪೇರಿ ಮಾಡುತ್ತಿತ್ತು. ಕ್ಲೌಡ್ ನಡೆಸುವ ಎಲ್ಲ ಕಡೆಯೂ ಇದ್ದಂತೆ ರಿಪೇರಿಗೆ ಅಲ್ಲಿ ಒಂದೇ ನಿಯಮ: ದಾಖಲೆಯೇ ಸತ್ಯ. ದಾಖಲೆಯಲ್ಲಿ ಇಲ್ಲದ್ದು ಓಡುತ್ತಿದ್ದರೆ ಅದನ್ನು ಅಳಿಸಬೇಕು.

ಆ ವರ್ಷ ಮಳೆಗಾಲ ಮುಗಿದ ಮೇಲೆ ಬಂದ ಚಂಡಮಾರುತ ಹಲವು ದೋಣಿಗಳನ್ನು ಚದುರಿಸಿತು. ಹೆಚ್ಚಿನವು ಹೇಗೋ ದಡ ಸೇರಿದವು. ಕೆಲವು ಸೇರಲಿಲ್ಲ. ಕರಾವಳಿ ಕಾವಲು ಪಡೆಯ ಹಡಗುಗಳು ಹುಡುಕಿ ಹುಡುಕಿ ಬರಿಗೈಯಲ್ಲಿ ಮರಳಿದವು. ಹುಡುಕಾಟ ನಿಂತ ಮೇಲೆ ದೋಣಿಯ ದಾಖಲೆ ಮುಚ್ಚುವುದು ಕೇಂದ್ರದ ಪದ್ಧತಿ. ಹಾಗೆ ಮುಚ್ಚಿದವುಗಳಲ್ಲಿ ಹೆಜಮಾಡಿಯ ಲೋಹಿತಾಕ್ಷ ಮೆಂಡನ್ ತಾಂಡೇಲನಾಗಿದ್ದ ‘ಮತ್ಸ್ಯಗಂಗಾ’ ಕೂಡ ಒಂದು.

ಒಂದು ಬೆಳಿಗ್ಗೆ ಹರಿಣಾಕ್ಷಿಯ ಸ್ಕ್ರೀನಿನ ಮೇಲೆ ಮತ್ಸ್ಯಗಂಗಾ ಕೆಂಪಾಗಿ ಕಾಣಿಸಿಕೊಂಡಿತು. ನೆರಳನ್ನು ಅಳಿಸಿ ಆಗಿದೆ ಎನ್ನುತ್ತಿತ್ತು ದಾಖಲೆ. ನೆರಳು ಮಾತ್ರ ಓಡುತ್ತಲೇ ಇತ್ತು.

ಅವಳು ಮುಖ್ಯಸ್ಥ ಐವನ್ ಸಲ್ಡಾನರ ಕೋಣೆಗೆ ಹೋದಳು. "ಸರ್, ಒಂದು ದೋಣಿ ತಾಳೆ ಆಗ್ತಾ ಇಲ್ಲ."

ಸಲ್ಡಾನ ನೋಡಿದರು. "ಇದರಲ್ಲಿ ಎಂತ ಉಂಟು? ದಾಖಲೆ ಮುಚ್ಚಿದ ದಿನ ಹಾಸನದ ಕೇಬಲ್ ತುಂಡಾಗಿತ್ತಲ್ಲ. ಅಳಿಸು ಅಂತ ಹೋದ ಆಜ್ಞೆ ಇಲ್ಲಿಗೆ ತಲುಪಲಿಲ್ಲ. ಆ ಗಡಿಬಿಡಿಯಲ್ಲಿ ತಾಳೆಯ ಸುತ್ತೂ ಇವತ್ತಿನವರೆಗೆ ನಿಂತಿತ್ತು. ಸಂಜೆ ರಿಪೇರಿಯಲ್ಲಿ ಹೋಗ್ತದೆ ಬಿಡಿ."

ಅವರು ಹೇಳಿದ್ದು ಸರಿಯೇ ಇತ್ತು. ಆಜ್ಞೆ ದಾರಿಯಲ್ಲಿ ಕಳೆದುಹೋದದ್ದನ್ನು ಅವಳೂ ಕಂಡಿದ್ದಳು. ಆದರೂ ಜಾಗಕ್ಕೆ ಮರಳಿದವಳು ಆ ನೆರಳನ್ನು ತೆರೆದಳು. ಅಳಿಸುವ ಮೊದಲು ಒಮ್ಮೆ ಒಳಗೆ ಇಣುಕಿ ನೋಡುವುದು ಅವಳ ಅಭ್ಯಾಸ. ಅದಕ್ಕಾಗಿ ಜೊತೆಯವರು ಅವಳನ್ನು ಗೇಲಿ ಮಾಡುತ್ತಿದ್ದರು.

ಪೆಟ್ಟಿಗೆಯಿಂದ ಮಾತು ಬಾರದಿದ್ದರೂ ನೆರಳು ಸುಮ್ಮನೆ ಕೂರುವುದಿಲ್ಲ. ಕೊನೆಯ ಬಾರಿ ದೋಣಿ ಇದ್ದ ಜಾಗದಿಂದ ಮುಂದೆ ಗಾಳಿ ಹೇಗೆ ಬೀಸಿತು, ನೀರು ಹೇಗೆ ಸೆಳೆಯಿತು ಎಂದು ನೋಡಿ, ಈಗ ಎಲ್ಲಿರಬಹುದೆಂದು ಊಹಿಸುತ್ತಾ ಹೋಗುತ್ತದೆ. ಮುಳುಗಿದ ದೋಣಿಯನ್ನೂ ಅದು ಹಾಗೆಯೇ ತೇಲಿಸುತ್ತದೆ. ಹಾಗಾಗಿ ಆ ಊಹೆಯಿಂದ ಯಾರೂ ಬದುಕಿದ್ದಾರೆಂದು ಹೇಳಲಾಗದು. ಮತ್ಸ್ಯಗಂಗಾದ ನೆರಳು ಲಕ್ಷದ್ವೀಪದ ಉತ್ತರಕ್ಕೆ, ಹಡಗುಗಳು ಓಡಾಡದ ನೀರಿನಲ್ಲಿ ಒಂದು ವೃತ್ತ ಬರೆದುಕೊಂಡು ಕಾಯುತ್ತಿತ್ತು. ಹುಡುಕಾಟ ಆ ಕಡೆಗೆ ಹೋಗಿರಲೇ ಇಲ್ಲ.

ಹರಿಣಾಕ್ಷಿ ವೃತ್ತವನ್ನೇ ನೋಡುತ್ತ ಕುಳಿತಳು. ದೋಣಿಯ ದಾಖಲೆ ಮುಚ್ಚಿದ ಮೇಲೆ ಅದರ ಪೆಟ್ಟಿಗೆ ಮಾತಾಡಿದರೆ ಏನಾಗುತ್ತದೆ? ಹಾಗೊಂದು ಪ್ರಶ್ನೆ ಅವಳಿಗೆ ಹಿಂದೆಂದೂ ಬಂದಿರಲಿಲ್ಲ. ಉಪಗ್ರಹದಿಂದ ಬರುವ ಸಂದೇಶಗಳನ್ನು ಒಳಬಿಡುವ ಪ್ರೋಗ್ರಾಮಿಗೆ ಕೇಂದ್ರದಲ್ಲಿ ಬಾಗಿಲು ಎಂದು ಹೆಸರು. ಬಾಗಿಲು ಮೊದಲು ದಾಖಲೆಯಲ್ಲಿ ಹೆಸರು ಹುಡುಕುತ್ತದೆ. ಹೆಸರಿಲ್ಲದಿದ್ದರೆ ಸಂದೇಶವನ್ನು ಹೊರಗೆ ಎಸೆಯುತ್ತದೆ. ಎಸೆದದ್ದು ಸ್ವಲ್ಪ ಕಾಲ ಒಂದು ರಾಶಿಯಲ್ಲಿ ಬಿದ್ದಿರುತ್ತದೆ, ಆಮೇಲೆ ಅದನ್ನೂ ಗುಡಿಸಿಬಿಡುತ್ತಾರೆ.

ಅವಳು ಆ ರಾಶಿಗೆ ಕೈಹಾಕಿದಳು. ಹವಾಮಾನದ ತೇಲುಬುರುಡೆಗಳು, ಹೊರದೇಶದ ಹಡಗುಗಳು, ಕೆಟ್ಟ ಯಂತ್ರಗಳ ಬಡಬಡಿಕೆ, ಹೀಗೆ ಅದೊಂದು ಸಂತೆ. ಯಾವುದು ಯಾರದೆಂದು ಹೇಳುವ ದಾಖಲೆಯೇ ಇಲ್ಲ. ಆದರೆ ಎಲ್ಲಿಂದ ಬಂತೆಂಬುದು ಪ್ರತಿಯೊಂದರಲ್ಲೂ ಇತ್ತು. ನೆರಳು ಬರೆದ ವೃತ್ತವನ್ನು ಅವಳು ರಾಶಿಯ ಮೇಲಿಟ್ಟು, ಅದರೊಳಗಿನದನ್ನು ಮಾತ್ರ ತೋರಿಸು ಎಂದು ಕೇಳಿದಳು.

ಬೆರಳೆಣಿಕೆಯಷ್ಟು ಸಂದೇಶಗಳು ಉಳಿದವು. ಎಲ್ಲವೂ ಒಂದೇ ಪೆಟ್ಟಿಗೆಯವು. ಎಂಜಿನ್ ನಿಂತಿದೆ. ಮೀನಿನ ಜಾಗದಲ್ಲಿ ಬಂಗುಡೆ, ಎಂಟು ಕಿಲೋ. ಮರುದಿನವೂ ಬಂಗುಡೆ, ಎಂಟು ಕಿಲೋ. ಅದರಾಚೆಯ ದಿನವೂ ಅಷ್ಟೇ. ಆಮೇಲೆ ಬಂಗುಡೆ, ಏಳು ಕಿಲೋ. ಮತ್ತೆ ಏಳು.

ಹರಿಣಾಕ್ಷಿ ಆ ಸಾಲುಗಳನ್ನು ಮತ್ತೊಮ್ಮೆ ಓದಿದಳು. ಅವಳ ಅಪ್ಪ ದಕ್ಕೆಯಲ್ಲಿ ಮೀನು ಏಲಂ ಕೂಗಿ ಮನೆ ನಡೆಸಿದವರು. ಆಳಸಮುದ್ರದ ದೋಣಿ ಏಳು ಕಿಲೋ ಬಂಗುಡೆಯ ಲೆಕ್ಕ ಕೊಡುವುದನ್ನು ಯಾರೂ ಕೇಳಿಲ್ಲ. ಅಷ್ಟನ್ನು ದೋಣಿಯವರು ಸಾರಿಗೇ ಹಾಕಿಬಿಡುತ್ತಾರೆ. ಅದಕ್ಕಿಂತ ದೊಡ್ಡ ಮಾತೆಂದರೆ, ಮೀನಿನ ಲೆಕ್ಕವನ್ನು ಪೆಟ್ಟಿಗೆ ತಾನಾಗಿ ಹೇಳುವುದಿಲ್ಲ. ಯಾರಾದರೂ ಒತ್ತಬೇಕು.

ದೋಣಿಯಲ್ಲಿ ಎಷ್ಟು ಜನರಿದ್ದರು ಎಂದು ನೋಡಹೋದರೆ ದಾಖಲೆಯ ಜೊತೆಗೆ ಆ ಹೆಸರುಗಳೂ ಅಳಿದುಹೋಗಿದ್ದವು. ಇಂಥ ಮಾತನ್ನು ಫೋನಿನಲ್ಲಿ ಕೇಳುವಂತಿರಲಿಲ್ಲ. ಅವಳು ಸ್ಕೂಟರ್ ಹತ್ತಿ ಹೆಜಮಾಡಿಗೆ ಹೊರಟಳು.

ಲೋಹಿತಾಕ್ಷನ ಮನೆಯಂಗಳದಲ್ಲಿ ಚಪ್ಪರ ಹಾಕುತ್ತಿದ್ದರು. ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಅಡುಗೆಗೆಂದು ದೊಡ್ಡ ಪಾತ್ರೆಗಳು ಬಂದಿಳಿದಿದ್ದವು. ಹೆಣವಿಲ್ಲದ ಸಾವಿಗೆ ಎಷ್ಟು ದಿನವೆಂದು ಕಾಯುವುದು, ಆತ್ಮಕ್ಕೆ ದಾರಿ ಮಾಡಿಕೊಡಬೇಕಲ್ಲ ಎಂದು ಲೋಹಿತಾಕ್ಷನ ಅಣ್ಣ ಸಂಜೀವ ಪಟ್ಟುಹಿಡಿದು ಎಲ್ಲವನ್ನೂ ನಡೆಸುತ್ತಿದ್ದ. ಅಡುಗೆಮನೆಯ ಬಾಗಿಲಲ್ಲಿ ಲೋಹಿತಾಕ್ಷನ ಹೆಂಡತಿ ಸುಗಂಧಿ ತೆಂಗಿನಕಾಯಿ ತುರಿಯುತ್ತಿದ್ದಳು. ಕೈ ಮಾತ್ರ ಕೆಲಸ ಮಾಡುತ್ತಿತ್ತು.

ಹರಿಣಾಕ್ಷಿ ಪಕ್ಕದಲ್ಲಿ ಕೂತು, ತಾನು ಕೇಂದ್ರದಿಂದ ಬಂದವಳೆಂದು ಹೇಳಿದಳು. "ಸುಗಂಧಿಯಕ್ಕ, ದೋಣಿಯಲ್ಲಿ ಎಷ್ಟು ಜನ ಇದ್ರು?"

"ಎಂಟು. ಇವರು, ಎಂಜಿನ್ ನೋಡುವ ಹೊನ್ನಾವರದ ಮಂಜು, ಮತ್ತೆ ಆರು ಜನ." ಸುಗಂಧಿ ತುರಿಯುವುದನ್ನು ನಿಲ್ಲಿಸಿದಳು. "ಎಲ್ಲ ಮುಗಿದ ಮೇಲೆ ಲೆಕ್ಕ ಎಂತಕ್ಕೆ ಕೇಳ್ತೀರಿ?"

ಏನೂ ಹೇಳದೆ ಎದ್ದುಹೋಗಬೇಕೆಂದೇ ಹರಿಣಾಕ್ಷಿ ಬಂದದ್ದು. ಆದರೆ ಆ ಕಣ್ಣಿನ ಎದುರು ಸುಳ್ಳು ಹೇಳಲು ಆಗಲಿಲ್ಲ.

"ಮುಗಿದಿಲ್ಲವೋ ಏನೋ ಅಕ್ಕ. ದೋಣಿ ಇನ್ನೂ ತೇಲ್ತಾ ಉಂಟು ಅಂತ ನನಗೆ ಕಾಣ್ತದೆ. ಒಳಗಿಂದ ಯಾರೋ ಗುಂಡಿ ಒತ್ತುತ್ತಾ ಇದ್ದಾರೆ. ಏಳು ಅಂತ ಒತ್ತುತ್ತಾರೆ."

ಸುಗಂಧಿ ತುರಿಮಣೆಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಮೆಲ್ಲಗೆ, "ಹೋದದ್ದು ಎಂಟು," ಎಂದಳು.

"ಹೌದು."

"ಹಾಗಾದ್ರೆ ಒಬ್ಬ ಇಲ್ಲ."

"ನನಗೆ ಗೊತ್ತಿಲ್ಲ ಅಕ್ಕ. ಯಾರು ಅಂತಲೂ ಗೊತ್ತಿಲ್ಲ."

ಅಷ್ಟರಲ್ಲಿ ಸಂಜೀವ ಒಳಗೆ ಬಂದ. ವಿಷಯ ಕೇಳಿ ಅವನ ಮುಖ ಕೆಂಪಾಯಿತು. "ನೀವು ಹೀಗೆ ಆಸೆ ಹುಟ್ಟಿಸಿ ಹೋಗ್ತೀರಿ. ನಾಳೆ ಅದು ಸುಳ್ಳಾದ್ರೆ ಇವಳನ್ನು ಯಾರು ನೋಡಿಕೊಳ್ಳುದು? ಇವಳಿಗೆ ಗಂಡ ಒಂದು ಸಲ ಸತ್ತದ್ದು ಸಾಕಾಗ್ಲಿಲ್ವಾ?"

"ಭಾವ, ಸುಮ್ಮನಿರಿ." ಸುಗಂಧಿ ಎದ್ದು ನಿಂತಳು. "ಚಪ್ಪರ ಬಿಚ್ಚಿಸಿ. ಏಳು ಜನ ಬದುಕಿದ್ದಾರೆ ಅಂದ್ರೆ ಅವರಲ್ಲಿ ಯಾರ ಬೊಜ್ಜವೂ ಈ ಮನೆಯಲ್ಲಿ ಆಗುದು ಬೇಡ." ಮತ್ತೆ ಹರಿಣಾಕ್ಷಿಯತ್ತ ತಿರುಗಿದಳು. "ನೀವು ಹೋಗಿ. ಇಲ್ಲಿ ಕೂತು ಎಂತ ಮಾಡ್ತೀರಿ? ಹೋಗಿ ಅವರನ್ನು ತನ್ನಿ."

ಮೊದಲ ಸಂದೇಶಗಳಲ್ಲಿ ಎಂಟು ಎಂದಿತ್ತೆಂಬುದನ್ನು ಹರಿಣಾಕ್ಷಿ ಹೇಳಿರಲಿಲ್ಲ. ಹೇಳಲು ಬಾಯಿ ಬರಲಿಲ್ಲ, ಹೊತ್ತೂ ಇರಲಿಲ್ಲ. ಸಂಜೆಯ ಸುತ್ತಿನಲ್ಲಿ ನೆರಳು ಅಳಿದರೆ ದೋಣಿ ಎಲ್ಲಿ ತೇಲುತ್ತಿದೆಯೆಂದು ಹೇಳುವವರೇ ಇರುತ್ತಿರಲಿಲ್ಲ.

ಅವಳು ಮರಳಿದಾಗ ಸಲ್ಡಾನ ಚಹಾ ಕುಡಿಯುತ್ತಿದ್ದರು. ಅವಳು ಎಲ್ಲವನ್ನೂ ಅವರೆದುರು ಹರಡಿದಳು. ಅವರು ಲೋಟ ಕೆಳಗಿಟ್ಟು ಕನ್ನಡಕ ಒರೆಸಿದರು.

"ಹರಿಣಾಕ್ಷಿ, ಮುಚ್ಚಿದ ದಾಖಲೆ ತೆರೆಯಲಿಕ್ಕೆ ದಾರಿಯೇ ಇಲ್ಲ. ಆ ದಾರಿ ಇಡಬಾರದು ಅಂತ ಹೇಳಿದ್ದೇ ನಾನು. ಒಂದೇ ದೋಣಿಗೆ ಎರಡು ದಾಖಲೆ ಆಗಿ, ಎರಡು ನೆರಳು ಎರಡು ದಾರಿ ಹೇಳಿ, ಹಿಂದೆ ಒಂದು ದೋಣಿ ಬಂಡೆಗೆ ಹೊಡೆದಿತ್ತು. ಆ ನಿಯಮ ಸುಮ್ಮನೆ ಆದದ್ದಲ್ಲ."

"ಹಳೆಯದ್ದು ತೆರೆಯುದು ಬೇಡ ಸರ್. ಹೊಸ ದೋಣಿ ಅಂತ ದಾಖಲೆ ಮಾಡ್ತೇನೆ. ಈ ಪೆಟ್ಟಿಗೆ, ಈ ನೆರಳು ಎರಡನ್ನೂ ಅದಕ್ಕೆ ಕಟ್ಟುತ್ತೇನೆ. ಮಾಲೀಕರ ಜಾಗದಲ್ಲಿ ನನ್ನ ಹೆಸರು ಹಾಕ್ತೇನೆ. ಏನಾದ್ರೂ ತಪ್ಪಾದ್ರೆ ನನ್ನನ್ನು ಕೇಳಲಿ."

"ದೋಣಿ ಖಾಲಿ ಇದ್ರೆ? ಹಡಗು ಅಷ್ಟು ದೂರ ಹೋಗಿ ಖಾಲಿ ದೋಣಿ ಎಳೆದುಕೊಂಡು ಬಂದ್ರೆ?"

"ಖಾಲಿ ದೋಣಿ ಬಂಗುಡೆ ತೂಗುದಿಲ್ಲ ಸರ್."

ಸಲ್ಡಾನ ಕಿಟಕಿಯ ಕಡೆ ನೋಡಿದರು. ಅಲ್ಲಿಂದ ಕಡಲು ಕಾಣುತ್ತಿತ್ತು. ಆ ದಾಖಲೆ ಮುಚ್ಚಲು ಸಹಿ ಹಾಕಿದವರು ಅವರೇ. ಅದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಆ ಮಾತು ಎತ್ತಲಿಲ್ಲ.

"ಹೊಸ ದಾಖಲೆಗೆ ಎರಡು ಒಪ್ಪಿಗೆ ಬೇಕು," ಎಂದರು ಕೊನೆಗೆ. "ಮಾಡಿ. ಎರಡನೆಯದು ನನ್ನದು."

ದಾಖಲೆ ಹುಟ್ಟಿತು. ಇನ್ನು ಪೆಟ್ಟಿಗೆ ಮಾತಾಡುವವರೆಗೆ ಕಾಯುವುದಷ್ಟೇ ಉಳಿದಿತ್ತು. ಹರಿಣಾಕ್ಷಿ ಮನೆಗೆ ಫೋನ್ ಮಾಡಿ, ಮಗಳನ್ನು ಭರತನಾಟ್ಯದ ತರಗತಿಯಿಂದ ಕರೆತರಲು ಗಂಡ ದಿನಕರನಿಗೆ ಹೇಳಿದಳು. ಅವಳ ದನಿ ಕೇಳಿ ಅವನು ಕಾರಣ ಕೇಳಲಿಲ್ಲ. "ಊಟ ಅಲ್ಲಿಗೇ ತರ್ತೇನೆ," ಎಂದ. ಅತ್ತೆ ಹಿಂದಿನಿಂದ ಏನೋ ಹೇಳುತ್ತಿದ್ದರು. ಬಳಿಕ ತಿಳಿದದ್ದೆಂದರೆ, ಅವರು ಆಗಲೇ ದೇವರ ಮುಂದೆ ದೀಪ ಹಚ್ಚಿ ಕೂತಿದ್ದರು.

ಸೂರ್ಯ ಇಳಿಯುವ ಮುಂಚೆ ಸಂದೇಶ ಬಂತು. ಬಾಗಿಲು ಹೆಸರು ಹುಡುಕಿತು, ಈ ಬಾರಿ ಸಿಕ್ಕಿತು, ಒಳಬಿಟ್ಟಿತು. ಬಂಗುಡೆ, ಏಳು ಕಿಲೋ. ಇಷ್ಟು ದಿನ ಊಹೆಯಲ್ಲೇ ಕಾಲ ಹಾಕಿದ್ದ ನೆರಳು ನಿಜವಾದ ಜಾಗವನ್ನು ಪಡೆದು ತನ್ನ ದೊಡ್ಡ ವೃತ್ತವನ್ನು ಒಂದು ಚುಕ್ಕೆಯಾಗಿ ಕುಗ್ಗಿಸಿಕೊಂಡಿತು. ನೆರಳಿನ ಮೂಲಕ ಹರಿಣಾಕ್ಷಿ ಮರುನುಡಿ ಕಳಿಸಿದಳು: ‘ಕೇಳಿಸಿತು. ಹಡಗು ಬರುತ್ತದೆ.’

ತುಸು ಹೊತ್ತು ಏನೂ ಆಗಲಿಲ್ಲ. ಆಮೇಲೆ ಸ್ಕ್ರೀನಿನ ಮೇಲೆ ಒಂದರ ಹಿಂದೊಂದು ಸಾಲು ಬೀಳತೊಡಗಿತು. ಬಂಗುಡೆ ಏಳು. ಬಂಗುಡೆ ಏಳು. ಬೂತಾಯಿ ಏಳು. ಅಂಜಲ್ ಏಳು. ಯಾರೋ ಕೈಗೆ ಸಿಕ್ಕ ಗುಂಡಿಗಳನ್ನೆಲ್ಲ ಒತ್ತುತ್ತಿದ್ದರು. ಕೋಣೆಯಲ್ಲಿದ್ದವರು ಎದ್ದು ಬಂದು ಅವಳ ಕುರ್ಚಿಯ ಸುತ್ತ ನಿಂತರು. ಸಲ್ಡಾನ ಆಗಲೇ ಕಾವಲು ಪಡೆಯೊಡನೆ ಫೋನಿನಲ್ಲಿ ಮಾತಾಡುತ್ತಿದ್ದರು. ಅವರ ದನಿ ಅಷ್ಟು ಜೋರಾದದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ.

ನೆರಳು ಹೇಳಿದ ಜಾಗದಲ್ಲೇ ಹಡಗಿಗೆ ದೋಣಿ ಸಿಕ್ಕಿತು.

ದಕ್ಕೆಯಲ್ಲಿ ಜನವೋ ಜನ. ಸುಗಂಧಿ ಮುಂದಿನ ಸಾಲಿನಲ್ಲಿ, ಕಬ್ಬಿಣದ ಕಂಬವೊಂದನ್ನು ಹಿಡಿದು ನಿಂತಿದ್ದಳು. ಹರಿಣಾಕ್ಷಿ ಅವಳ ಪಕ್ಕದಲ್ಲಿದ್ದಳು. ಹಡಗಿನಿಂದ ಒಬ್ಬೊಬ್ಬರನ್ನೇ ಕೈಹಿಡಿದು ಇಳಿಸಿದರು. ಗಡ್ಡ ಬೆಳೆದು, ತುಟಿ ಒಡೆದು, ಬಿಸಿಲಿಗೆ ಸುಟ್ಟು ಎಲ್ಲರ ಮುಖವೂ ಒಂದೇ ತರಹ ಆಗಿತ್ತು. ಸುಗಂಧಿ ಪ್ರತಿಯೊಂದು ಮುಖವನ್ನೂ ನೋಡಿದಳು. ಕೊನೆಯವನಾಗಿ ಇಳಿದದ್ದು ಮಂಜು ಹರಿಕಾಂತ. ಅವನ ಹಿಂದೆ ಯಾರೂ ಇರಲಿಲ್ಲ.

ಮಂಜು ನೇರವಾಗಿ ಅವಳ ಬಳಿ ಬಂದು ಕಾಲಬುಡದಲ್ಲಿ ಕುಸಿದ.

"ಗಾಳಿಯ ದಿನ ಎಂಜಿನ್ ಕಿತ್ತುಬಂದು ತಾಂಡೇಲರ ಕಾಲಿನ ಮೇಲೆ ಬಿತ್ತು ಅಕ್ಕ. ಪೆಟ್ಟಿಗೆಗೆ ನೀರು ಹೊಕ್ಕಿತ್ತು, ಸ್ಕ್ರೀನ್ ಒಡೆದು ಬಂದದ್ದು ಓದಲಿಕ್ಕೆ ಒಂದು ಮೂಲೆ ಮಾತ್ರ ಉಳಿದಿತ್ತು. ಒಣಗಿಸಿ ಸೋಲಾರಿಗೆ ಕಟ್ಟಿ ನೋಡಿದ್ರೆ ಮೀನಿನ ಗುಂಡಿ ಬಿಟ್ಟು ಬೇರೆ ಯಾವುದೂ ಆಗೂದಿಲ್ಲ. ಎಂಟು ಅಂತ ಒತ್ತು, ಜನರ ಲೆಕ್ಕ ಅಂತ ಕೇಂದ್ರದವರಿಗೆ ತಿಳೀತದೆ ಅಂದವರು ತಾಂಡೇಲರೇ. ಉತ್ತರ ಬರ್ಲಿಲ್ಲ. ದಿನಾ ಒತ್ತಿದೆವು. ಕಾಲು ಕೊಳೀತಾ ಬಂತು, ಜ್ವರ ಏರಿತು. ಅವರು ಹೋದ ದಿನ ಏಳು ಅಂತ ಒತ್ತಲಿಕ್ಕೆ ನನ್ನ ಕೈ ಬರ್ಲಿಲ್ಲ ಅಕ್ಕ. ಆದ್ರೂ ಒತ್ತಿದೆ."

ಸುಗಂಧಿ ಬಾಗಿ ಅವನ ತಲೆಯ ಮೇಲೆ ಕೈಯಿಟ್ಟಳು. ಅಳಲಿಲ್ಲ. "ಏಳು, ಮಂಜು. ನಿನ್ನ ಹೆಂಡತಿ ಅಲ್ಲಿ ನಿಂತಿದ್ದಾಳೆ. ಹೋಗು," ಎಂದಳು. ಅವನು ಹೋದ ಮೇಲೆ ಹರಿಣಾಕ್ಷಿಯನ್ನು ನೋಡಿದಳು.

"ಆ ಎಂಟು ನಿಮಗೆ ಬಂದಿತ್ತಾ?"

"ಬಂದಿತ್ತು ಅಕ್ಕ. ದಾಖಲೆ ಮುಚ್ಚಿದ ಮೇಲೆ ಬಂತು. ಹೆಸರಿಲ್ಲ ಅಂತ ನಮ್ಮ ಯಂತ್ರ ಅದನ್ನು ಹೊರಗೆ ಹಾಕಿತು. ನಾನು ನೋಡುವಾಗ ಏಳಾಗಿತ್ತು. ಮೊನ್ನೆಯೇ ನಿಮಗೆ ಹೇಳಬೇಕಿತ್ತು. ಹೇಳ್ಲಿಲ್ಲ."

ಸುಗಂಧಿಯ ಮುಖ ಕಲ್ಲಾಯಿತು. "ನಿಮ್ಮ ತಪ್ಪಲ್ಲ ಅಂತ ನಾನು ಹೇಳುದಿಲ್ಲ," ಎಂದಳು. "ಹೇಳಲಿಕ್ಕೆ ನನ್ನಿಂದ ಆಗುದಿಲ್ಲ." ಅಷ್ಟು ಹೇಳಿ ಸಂಜೀವನ ತೋಳು ಹಿಡಿದು ಜನರ ನಡುವೆ ದಾರಿ ಮಾಡಿಕೊಂಡು ಹೊರಟುಹೋದಳು.

ಮುಂದಿನ ವಾರವೆಲ್ಲ ಕೇಂದ್ರಕ್ಕೆ ಹೂವಿನ ಹಾರ, ಫೋಟೋ, ಪತ್ರಿಕೆಯವರು. ಏಳು ಜನರನ್ನು ಉಳಿಸಿದ ಯಂತ್ರ ಎಂದು ದಪ್ಪ ಅಕ್ಷರಗಳಲ್ಲಿ ಬಂತು. ಹರಿಣಾಕ್ಷಿ ವರದಿ ಬರೆದು ಸಲ್ಡಾನರ ಮೇಜಿನ ಮೇಲಿಟ್ಟಳು. ಅವರು ಓದುತ್ತಾ ಓದುತ್ತಾ ಒಂದು ಕಡೆ ನಿಂತರು.

"ಈ ಎಂಟರ ಮಾತು ಬೇಕಾ? ಏಳು ಜನ ಬಂದಿದ್ದಾರೆ. ಊರಿಗೆ ಊರೇ ಸಂತೋಷದಲ್ಲಿ ಉಂಟು."

"ಬೇಕು ಸರ್. ಅದನ್ನು ಬಿಟ್ರೆ ರಿಪೇರಿ ಮಾಡಲಿಕ್ಕೆ ಏನೂ ಇಲ್ಲ ಅಂತ ಆಗ್ತದೆ. ನಮ್ಮ ದಾಖಲೆ, ನಮ್ಮ ಯಂತ್ರ, ಎರಡೂ ಬೇರೆ ಬೇರೆ ಹೇಳಿದಾಗ ಎರಡರಲ್ಲಿ ಒಂದನ್ನು ನಂಬಿ ಇನ್ನೊಂದನ್ನು ಅಳಿಸ್ತಾ ಬಂದೆವು. ಕಡಲಿನಲ್ಲಿ ಏನುಂಟು ಅಂತ ಹೋಗಿ ಕೇಳ್ಲಿಲ್ಲ."

"ಮೇಲಿನವರು ನನ್ನ ಸಹಿ ಕೇಳ್ತಾರೆ. ಮುಚ್ಚಿದ ದಿನದ ಸಹಿ."

"ಕೇಳ್ತಾರೆ ಸರ್."

ಸಲ್ಡಾನ ಹಾಳೆಗಳನ್ನು ಸರಿಮಾಡಿದರು. ಪೆನ್ನು ತೆಗೆದು ಕೊನೆಯ ಪುಟದಲ್ಲಿ ಹೆಸರು ಬರೆದರು. ವಿಚಾರಣೆ ನಡೆಯಿತು. ಅವರ ಬಡ್ತಿ ನಿಂತಿತು. ಹರಿಣಾಕ್ಷಿಗೂ ನಿಯಮ ಮೀರಿದ್ದಕ್ಕೆ ಒಂದು ಎಚ್ಚರಿಕೆ ಬಂತು. ಆದರೆ ವರದಿಯಲ್ಲಿ ಅವಳು ಕೇಳಿದ್ದು ಆಯಿತು. ದಾಖಲೆಯೇ ಸತ್ಯ ಎಂಬ ಸಾಲನ್ನು ಪ್ರೋಗ್ರಾಮಿನಿಂದ ತೆಗೆದುಹಾಕಿದರು. ತಾಳೆಯಾಗದ ದೋಣಿಯನ್ನು ಇನ್ನು ಯಾವ ಯಂತ್ರವೂ ಅಳಿಸುವಂತಿರಲಿಲ್ಲ. ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನನ್ನು ಕೇಳಿ ಉತ್ತರ ಬರುವವರೆಗೆ ಆ ಸಾಲು ಕೆಂಪಾಗಿಯೇ ಇರಬೇಕಿತ್ತು. ಅದಕ್ಕೆ ಜನ ಸಾಲದು, ಕೆಲಸ ನಿಧಾನವಾಗುತ್ತದೆ ಎಂದು ತುಂಬ ಜನ ಗೊಣಗಿದರು. ಕೆಲಸ ನಿಧಾನವಾಯಿತು ಕೂಡ.

ಮರುವರ್ಷ ಮತ್ತೆ ಗಾಳಿ ಎದ್ದಿತು. ಗಾಳಿ ಇಳಿದ ಬೆಳಿಗ್ಗೆ ಹರಿಣಾಕ್ಷಿಯ ಸ್ಕ್ರೀನಿನ ಮೇಲೆ ಒಂದು ಸಾಲು ಕೆಂಪಾಗಿತ್ತು. ದೋಣಿ ದಕ್ಕೆಯಲ್ಲಿದೆ ಎಂದಿತ್ತು ದಾಖಲೆಯಲ್ಲಿ. ಪೆಟ್ಟಿಗೆ ಮಾತ್ರ ನಡುಗಡಲಿನಿಂದ ಮಾತಾಡುತ್ತಿತ್ತು. ಅವಳು ದೋಣಿಯ ಮಾಲೀಕನ ಮನೆಗೆ ಫೋನ್ ಮಾಡಿದಳು. ಗಂಟೆ ಹೊಡೆಯುತ್ತಲೇ ಇತ್ತು. ಆಮೇಲೆ ಒಂದು ಗಂಡುದನಿ, ಬಾಯಿತುಂಬ ಏನನ್ನೋ ಜಗಿಯುತ್ತಾ, "ಯಾರು?" ಎಂದಿತು.

"ಕೇಂದ್ರದಿಂದ. ನೀವು ಎಲ್ಲಿದ್ದೀರಿ?"

"ಎಲ್ಲಿ ಅಂದ್ರೆ? ಮನೆಯಲ್ಲಿ. ನೀರುದೋಸೆ ತಿಂತಾ ಇದ್ದೇನೆ ಮಾರಾಯ್ತಿ."

"ನಿಮ್ಮ ಪೆಟ್ಟಿಗೆ ಕಡಲಿನಲ್ಲಿ ಉಂಟಲ್ಲ!"

"ಅದಾ? ಗಾಳಿಗೆ ಕಿತ್ತುಕೊಂಡು ನೀರಿಗೆ ಹಾರಿತು. ನಾವೆಲ್ಲ ಮೊನ್ನೆಯೇ ಬಂದೆವು. ಎಲ್ಲರೂ ಬಂದೆವು."

"ಎಲ್ಲರೂ?"

"ಹತ್ತು ಜನ ಹೋದದ್ದು, ಹತ್ತೂ ಜನ ಬಂದೆವು. ಯಾಕೆ, ಎಂತ ಆಯ್ತು?"

"ಏನೂ ಆಗ್ಲಿಲ್ಲ," ಎಂದಳು ಹರಿಣಾಕ್ಷಿ. "ನೀವು ತಿನ್ನಿ." ಫೋನ್ ಇಟ್ಟು, ಕಣ್ಣೊರೆಸಿಕೊಂಡು, ಆ ಸಾಲಿನ ಮುಂದೆ ‘ಕೇಳಿದ್ದೇನೆ, ಮನೆಯಲ್ಲಿದ್ದಾರೆ’ ಎಂದು ಬರೆದಳು.